ಅಂತ್ಯಕಾಲದ ಲೆಕ್ಕ ಮನೆಗೆ ಬಂದಾಗ: ಮೂರು ತಲೆಮಾರು ಕೂಡಿ ಪರಿಶೀಲಿಸುವ ಕ್ರಮ

ಕ್ರಿಸ್ತನ ಎರಡನೆಯ ಬರೋಣ, ಅಂದರೆ ಆತನು ಭೂಮಿಗೆ ಮರಳಿ ಬರುವುದು, ಇಂಥ ವರ್ಷದ ಇಂಥ ತಿಂಗಳಲ್ಲಿ ಎಂದು ಸಾರುವ ವಿಡಿಯೊ ಅಥವಾ ಕಿರುಹೊತ್ತಗೆಯೊಂದು ಕ್ರೈಸ್ತ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದರೆ ಮನೆ ಸಾಮಾನ್ಯವಾಗಿ ಮೂರು ಪಾಲಾಗುತ್ತದೆ. ಅಜ್ಜ ಅಜ್ಜಿಯರು ಇಂಥದ್ದನ್ನು ಹಿಂದೆಯೂ ಕೇಳಿದವರು, ಆದರೂ ಬರೋಣದ ನಿರೀಕ್ಷೆಯನ್ನು ಬಿಟ್ಟವರಲ್ಲ. ನಡುವಯಸ್ಸಿನವರು ಮನೆಸಾಲ, ಮಕ್ಕಳ ಓದು ಎಂದು ಮಾತನ್ನೇ ಬದಲಿಸುತ್ತಾರೆ. ಹರೆಯದವರಲ್ಲಿ ಕೆಲವರು ನಗುತ್ತಾರೆ, ಕೆಲವರು ಯಾರಿಗೂ ಹೇಳದೆ ಹೆದರುತ್ತಾರೆ. ಈ ಬರಹ ಅಂಥ ಮನೆಗಳಿಗಾಗಿ ಮತ್ತು ಯುವಜನ ಕೂಟವನ್ನೋ ಸತ್ಯವೇದ ಅಧ್ಯಯನದ ಗುಂಪನ್ನೋ ನಡೆಸುವವರಿಗಾಗಿ. ಬರೋಣವನ್ನು ನಂಬಬೇಕೇ ಬೇಡವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಕೈಗೆ ಬಂದ ತಾರೀಖು ಎಲ್ಲಿಂದ ಬಂತು ಎಂದು ಪತ್ತೆಹಚ್ಚುವ ವಿಧಾನವನ್ನಷ್ಟೇ ಇಲ್ಲಿ ವಿವರಿಸಲಾಗಿದೆ. ಹೊಸತೆಂದು ಬರುವ ಇಂಥ ಲೆಕ್ಕಗಳಲ್ಲಿ ಹೆಚ್ಚಿನವು ಹಿಂದಿನ ತಲೆಮಾರಿನ ಹುಸಿಹೋದ ಲೆಕ್ಕಗಳ ತಿದ್ದುಪಡಿಗಳು, ಮತ್ತು ಎಲ್ಲಿ ತಿದ್ದಲಾಗಿದೆ ಎಂಬುದು ಕಂಡ ಮೇಲೆ ಮನೆಯೊಳಗಿನ ಮಾತು ತಾನಾಗಿ ಸಮಾಧಾನಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಓದನ್ನು ಪ್ರಕಟನೆಯಿಂದ ಆರಂಭಿಸಬೇಡಿ

ಇಂಥ ವಿಷಯ ಬಂದ ಕೂಡಲೇ ಎಲ್ಲರೂ ದಾನಿಯೇಲನ ಗ್ರಂಥವನ್ನೋ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯನ್ನೋ ತೆರೆಯುತ್ತಾರೆ. ಅದನ್ನು ಎರಡನೆಯ ಕೂಟಕ್ಕೆ ಇಟ್ಟುಕೊಂಡು ಮೊದಲ ಕೂಟದಲ್ಲಿ ಅಪೊಸ್ತಲರು ಸಭೆಗಳಿಗೆ ಬರೆದ ಪತ್ರಿಕೆಗಳನ್ನು ಓದುವುದು ಒಳ್ಳೆಯದು, ಏಕೆಂದರೆ ತಲೆಮಾರುಗಳ ನಡುವಿನ ಈ ತೊಡಕು ಮೊಟ್ಟಮೊದಲು ಕಾಣಿಸಿಕೊಂಡದ್ದು ಅಲ್ಲಿ. ಸುಮಾರು ಕ್ರಿ.ಶ. 50ರ ವೇಳೆಗೆ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಹಿಂದೆ ಇರುವುದು ಸರಳವಾದ ಒಂದು ದುಃಖ: ಕರ್ತನು ಬರುವ ಮುಂಚೆಯೇ ನಮ್ಮವರು ಕೆಲವರು ತೀರಿಕೊಂಡರಲ್ಲ, ಅವರ ಗತಿಯೇನು ಎಂಬುದು. ಅಲ್ಲಿ ಪೌಲನು ಬರೋಣದ ತನಕ ಜೀವದಿಂದ ಉಳಿಯುವವರ ಸಾಲಿನಲ್ಲಿ ತನ್ನನ್ನೂ ಸೇರಿಸಿಕೊಂಡು ಮಾತಾಡುತ್ತಾನೆ. ಎರಡನೆಯ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ಕರ್ತನ ದಿನ ಬಂದೇಬಿಟ್ಟಿತು ಎಂದು ಯಾರಾದರೂ ಪೌಲನ ಹೆಸರಿನ ಪತ್ರವನ್ನೇ ತೋರಿಸಿದರೂ ಕದಲಬೇಡಿರಿ ಎಂಬ ಎಚ್ಚರಿಕೆಯಿದೆ. ಅಂದರೆ ಸುಳ್ಳು ಫಾರ್ವರ್ಡ್ ಆಗಲೇ ಓಡಾಡುತ್ತಿತ್ತು.

ಅಲ್ಲಿಂದ ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯಕ್ಕೆ ಬನ್ನಿ. ಕ್ರಿಸ್ತನು ಬರುವ ತನಕ ಒಬ್ಬ ಶಿಷ್ಯನು ಸಾಯುವುದೇ ಇಲ್ಲವೆಂಬ ಮಾತು ಸಹೋದರರಲ್ಲಿ ಹಬ್ಬಿತೆಂದೂ ಯೇಸು ಹಾಗೆ ಹೇಳಿರಲಿಲ್ಲವೆಂದೂ 23ನೆಯ ವಚನ ಸ್ಪಷ್ಟಪಡಿಸುತ್ತದೆ. ಒಂದು ಪೀಳಿಗೆಯ ಕೊನೆಯ ಸಾಕ್ಷಿಯ ಆಯುಸ್ಸಿಗೆ ಬರೋಣವನ್ನು ಗಂಟುಹಾಕುವ ಅಭ್ಯಾಸ ಸುವಾರ್ತೆಯ ಪುಟದಲ್ಲೇ ತಿದ್ದುಪಡಿಗೆ ಒಳಗಾಗಿದೆ ಎಂಬುದನ್ನು ಗುಂಪಿನವರು ಗಮನಿಸಲಿ; ಮುಂದೆ 1914ರ ಲೆಕ್ಕವನ್ನು ನೋಡುವಾಗ ಇದು ಬೇಕಾಗುತ್ತದೆ. ಬಳಿಕ ಪೇತ್ರನ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯ. ಪಿತೃಗಳು ನಿದ್ರೆಹೋದ ಮೇಲೂ ಎಲ್ಲವೂ ಇದ್ದಂತೆಯೇ ಇದೆಯಲ್ಲ, ಬರೋಣದ ವಾಗ್ದಾನ ಎಲ್ಲಿ ಎಂದು ಕೇಳುವ ಕುಚೋದ್ಯಗಾರರ ಮಾತನ್ನು ಮನೆಯ ಅತಿ ಕಿರಿಯರಿಂದ ಓದಿಸಿ, ಥೆಸಲೋನಿಕದವರ ಭಾಗವನ್ನು ಅತಿ ಹಿರಿಯರಿಂದ ಓದಿಸಿ. ಇಬ್ಬರೂ ಮನಸ್ಸಿನಲ್ಲಿಟ್ಟುಕೊಂಡಿರುವ ಪ್ರಶ್ನೆಗಳು ಗ್ರಂಥದಲ್ಲೇ ಇವೆ ಎಂಬುದು ಆಗ ಯಾರೂ ಹೇಳದೆ ತಿಳಿಯುತ್ತದೆ. ಆ ದಿನವನ್ನೂ ಗಳಿಗೆಯನ್ನೂ ತಂದೆಯ ಹೊರತು ಯಾರೂ ಅರಿಯರು ಎನ್ನುವ ಮಾರ್ಕ 13:32 ಮತ್ತು ಕಾಲಗಳನ್ನು ತಿಳಿಯುವುದು ನಿಮ್ಮ ಕೆಲಸವಲ್ಲ ಎನ್ನುವ ಅಪೊಸ್ತಲರ ಕೃತ್ಯಗಳು 1:7 ಕೊನೆಗೆ ಬರಲಿ. ಈ ಎರಡು ವಚನಗಳನ್ನೇ ಮೊದಲು ಎತ್ತಿ ವಾದ ಮುಗಿಸಲು ಹೊರಡುವವರಿದ್ದಾರೆ, ಆದರೆ ಲೆಕ್ಕ ಹಾಕುವವರು ಈ ವಚನಗಳಿಗೆ ಉತ್ತರವನ್ನು ಸಿದ್ಧಮಾಡಿಕೊಂಡೇ ಬಂದಿರುತ್ತಾರೆ. ದಿನ ಮತ್ತು ಗಳಿಗೆ ತಿಳಿಯದಿದ್ದರೂ ವರ್ಷ ತಿಳಿಯಬಹುದು ಎಂಬುದು ಅವುಗಳಲ್ಲಿ ಬಹಳ ಹಳೆಯದು.

ಇಲ್ಲಿ ಇನ್ನೊಂದು ವಿಚಾರಣೆ ಆಗಬೇಕು. ಮನೆಯಲ್ಲಿ ಯಾರು ಯಾವ ಸಭೆಯಲ್ಲಿ ಬೆಳೆದರು ಎಂದು ಕೇಳಿ, ಏಕೆಂದರೆ ಜಗಳ ಎಷ್ಟೋ ಸಲ ತಾರೀಖಿನ ಬಗ್ಗೆ ಇರದೆ, ಮನಸ್ಸಿನಲ್ಲಿರುವ ಚಿತ್ರದ ಬಗ್ಗೆ ಇರುತ್ತದೆ. ಪಪಿಯಾಸ್, ಐರೇನಿಯಸ್ ಮೊದಲಾದ ಆದಿಸಭೆಯ ಬೋಧಕರು ಪ್ರಕಟನೆ 20ರ ಸಾವಿರ ವರ್ಷವನ್ನು ಭೂಮಿಯ ಮೇಲೆ ನಡೆಯಲಿರುವ ಆಳ್ವಿಕೆ ಎಂದು ಎದುರುನೋಡಿದರು. ಐದನೆಯ ಶತಮಾನದಲ್ಲಿ ಅಗಸ್ಟೀನನು ಅದನ್ನು ಸಭೆಯ ಈಗಿನ ಕಾಲವೇ ಎಂದು ವಿವರಿಸಿದನು. ಕಥೊಲಿಕ ಸಭೆಯೂ ಲುಥೆರನ್ ಮತ್ತು ರಿಫಾರ್ಮ್ಡ್ ಪರಂಪರೆಗಳೂ ಬಹುಮಟ್ಟಿಗೆ ಅವನ ಹಾದಿಯಲ್ಲಿವೆ. ಅಂತ್ಯಕಾಲದ ಮಹಾ ಸಂಕಟಕ್ಕೆ ಮೊದಲೇ ವಿಶ್ವಾಸಿಗಳು ಪರಲೋಕಕ್ಕೆ ಎತ್ತಲ್ಪಡುವರೆಂಬ ಬೋಧನೆಗೆ ರೂಪ ಕೊಟ್ಟವನು 1830ರ ದಶಕದಿಂದ ಈಚೆಗೆ ಪ್ಲಿಮತ್ ಬ್ರದರನ್ ಪಂಗಡದ ಜಾನ್ ನೆಲ್ಸನ್ ಡಾರ್ಬಿ. 1909ರಲ್ಲಿ ಅಮೆರಿಕದಲ್ಲಿ ಸ್ಕೋಫೀಲ್ಡ್ ಟಿಪ್ಪಣಿಗಳೊಂದಿಗೆ ಅಚ್ಚಾದ ಬೈಬಲ್ ಅದನ್ನು ದೂರದೂರಕ್ಕೆ ಹರಡಿತು. ಅಜ್ಜಿ ಸಿಎಸ್ಐ (ದಕ್ಷಿಣ ಭಾರತ ಸಭೆ) ಆರಾಧನೆಯಲ್ಲಿ ಪ್ರಭುಭೋಜನದ ಹೊತ್ತಿಗೆ ಆತನ ಎರಡನೆಯ ಬರೋಣವನ್ನು ಎದುರುನೋಡುತ್ತೇವೆ ಎಂದು ಪ್ರತಿ ಸಲ ಹೇಳುತ್ತ ಬಂದವರಾಗಿದ್ದು, ಮೊಮ್ಮಗ ಪೆಂಟೆಕೊಸ್ಟಲ್ ಸಭೆಯ ಯುವಕೂಟದಲ್ಲಿ ಎತ್ತಲ್ಪಡುವಿಕೆಯ ಪಾಠ ಕೇಳಿ ಬಂದವನಾಗಿದ್ದರೆ, ಇಬ್ಬರೂ ಒಂದೇ ಪದ ಬಳಸಿ ಬೇರೆ ಬೇರೆ ಘಟನೆಗಳನ್ನು ಕುರಿತು ಮಾತಾಡುತ್ತಿರುತ್ತಾರೆ.

ಲೆಕ್ಕವನ್ನು ನಾಲ್ಕು ಕಲಂಗಳಲ್ಲಿ ಬರೆಯಿರಿ

ಎರಡನೆಯ ಕೂಟಕ್ಕೆ ದೊಡ್ಡದೊಂದು ಹಾಳೆ ಸಾಕು. ಯಾವ ಲೆಕ್ಕವನ್ನು ತೆಗೆದುಕೊಂಡರೂ ಅದರಲ್ಲಿ ನಾಲ್ಕು ಅಂಗಗಳಿರುತ್ತವೆ: ಎಣಿಕೆ ಶುರುವಾಗುವ ಘಟನೆ, ಎಣಿಸಬೇಕಾದ ಸಂಖ್ಯೆ, ಆ ಸಂಖ್ಯೆಯ ಅಳತೆ ಅಂದರೆ ಅದು ದಿನವೋ ವರ್ಷವೋ ಎಂಬುದು, ಮತ್ತು ಎಣಿಕೆ ಮುಗಿದಾಗ ಏನು ಆಗಬೇಕೆಂಬ ಹೇಳಿಕೆ. ಹೊಸ ವಿಡಿಯೊದ ಲೆಕ್ಕವನ್ನು ಕೊನೆಯ ಸಾಲಿಗೆ ಬಿಟ್ಟು, ಮೇಲಿನ ಸಾಲುಗಳಲ್ಲಿ ಹಳೆಯವನ್ನು ತುಂಬಿ.

ಮೊದಲ ಸಾಲಿಗೆ ವಿಲಿಯಂ ಮಿಲ್ಲರ್ ತಕ್ಕವನು. ನ್ಯೂಯಾರ್ಕ್ ರಾಜ್ಯದ ಈ ಬ್ಯಾಪ್ಟಿಸ್ಟ್ ರೈತ ದಾನಿಯೇಲ 8:14ರಲ್ಲಿ ಬರುವ 2300 ಎಂಬ ಸಂಖ್ಯೆಯನ್ನು ಹಿಡಿದನು. ಅರಣ್ಯಕಾಂಡ 14:34 ಮತ್ತು ಯೆಹೆಜ್ಕೇಲ 4:6ರ ಆಧಾರದಿಂದ ಒಂದು ದಿನಕ್ಕೆ ಒಂದು ವರ್ಷ ಎಂದು ಅಳೆದನು. ಎಜ್ರನ ಗ್ರಂಥದ ಏಳನೆಯ ಅಧ್ಯಾಯದಲ್ಲಿರುವ ಅರ್ತಷಸ್ತ ರಾಜನ ಆಜ್ಞೆಯ ಕಾಲವಾದ ಕ್ರಿ.ಪೂ. 457ರಿಂದ ಎಣಿಸಿದನು. 2300ರಲ್ಲಿ 457 ಕಳೆದರೆ 1843. ಪವಿತ್ರಾಲಯ ಶುದ್ಧವಾಗುವುದು ಎಂಬ ದಾನಿಯೇಲನ ಮಾತಿಗೆ ಕ್ರಿಸ್ತನ ಬರೋಣದಿಂದ ಭೂಮಿ ಶುದ್ಧವಾಗುವುದು ಎಂಬ ಅರ್ಥ ಕೊಟ್ಟು, 1843ರ ಮಾರ್ಚ್ 21ರಿಂದ 1844ರ ಮಾರ್ಚ್ 21ರೊಳಗೆ ಅದು ಆಗುವುದೆಂದು ಸಾರಿದನು. ಆ ಗಡುವು ಕಳೆಯಿತು. ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆ ವರ್ಷವಿಲ್ಲ, ಆದ್ದರಿಂದ ಒಂದು ಕೂಡಿಸಬೇಕು ಎಂಬ ಸಮಜಾಯಿಷಿಯೂ ಬಂತು. ಸಾಮ್ಯುವೆಲ್ ಸ್ನೋ ಎಂಬ ಅನುಯಾಯಿ ಯೆಹೂದ್ಯರ ದೋಷಪರಿಹಾರದ ದಿನವನ್ನು ಲೆಕ್ಕಿಸಿ 1844ರ ಅಕ್ಟೋಬರ್ 22 ಎಂದನು. ಮಿಲ್ಲರ್ ಅದನ್ನು ಒಪ್ಪಿದ್ದು ಆ ದಿನ ಹತ್ತಿರ ಬಂದ ಮೇಲೆ. ಅದೂ ಕಳೆಯಿತು. ಆಗ ಉಳಿದವರಲ್ಲಿ ಒಂದು ಗುಂಪು ಶುದ್ಧವಾದದ್ದು ಭೂಮಿಯಲ್ಲ, ಪರಲೋಕದ ಪವಿತ್ರಾಲಯ ಎಂದು ಓದಿತು, ಮತ್ತು 1863ರಲ್ಲಿ ಸಂಘಟಿತವಾದ ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆಗೆ ಅದೇ ಮೂಲವಾಯಿತು. ಹಾಳೆಯನ್ನು ನೋಡಿ: ಮೊದಲ ಮೂರು ಕಲಂಗಳು ಹಾಗೆಯೇ ನಿಂತಿವೆ, ಬದಲಾದದ್ದು ನಾಲ್ಕನೆಯದು. ಆ ಸಭೆ ಅದರಿಂದೀಚೆಗೆ ಹೊಸ ತಾರೀಖು ಕೊಡುವ ಗೋಜಿಗೆ ಹೋಗಲಿಲ್ಲ ಎಂಬುದನ್ನೂ ನ್ಯಾಯವಾಗಿ ಬರೆದಿಡಬೇಕು.

ಎರಡನೆಯ ಸಾಲು ಯೆಹೋವನ ಸಾಕ್ಷಿಗಳ 1914. ದಾನಿಯೇಲನ ನಾಲ್ಕನೆಯ ಅಧ್ಯಾಯದ ಏಳು ಕಾಲಗಳನ್ನು 360 ದಿನಗಳ ಏಳು ವರ್ಷಗಳೆಂದು ತೆಗೆದುಕೊಂಡು 2520 ಎಂಬ ಸಂಖ್ಯೆ ಮಾಡುತ್ತಾರೆ. ಅಳತೆ ಅದೇ ದಿನಕ್ಕೊಂದು ವರ್ಷ. ಆರಂಭ ಮಾತ್ರ ಯೆರೂಸಲೇಮಿನ ಪತನ, ಅದೂ ಕ್ರಿ.ಪೂ. 607ರಲ್ಲಿ ಎಂದು. ಇತಿಹಾಸಕಾರರು ಆ ಪತನವನ್ನು ಕ್ರಿ.ಪೂ. 587 ಅಥವಾ 586ರಲ್ಲಿ ಇಡುತ್ತಾರೆ, ಆದ್ದರಿಂದ ಈ ಸಾಲಿನ ದುರ್ಬಲ ಜಾಗ ಮೊದಲ ಕಲಂ. ಇವರ ಮೂಲಪುರುಷ ಚಾರ್ಲ್ಸ್ ಟೇಝ್ ರಸೆಲ್‌ನ ಅನುಯಾಯಿಗಳು 1914ರಲ್ಲಿ ಲೋಕದ ರಾಜ್ಯಗಳ ಕೊನೆಯನ್ನು ನಿರೀಕ್ಷಿಸಿದ್ದರು. ಅದು ಆಗದಿದ್ದಾಗ ಕ್ರಿಸ್ತನ ಅದೃಶ್ಯ ಆಳ್ವಿಕೆ ಪರಲೋಕದಲ್ಲಿ ಆರಂಭವಾದ ವರ್ಷ ಅದು ಎಂಬ ಅರ್ಥ ನೆಲೆನಿಂತಿತು. ಇಂದಿನ ಯೆಹೋವನ ಸಾಕ್ಷಿಗಳ ಬೋಧನೆ ಅದೇ. ತಲೆಮಾರಿನ ಪ್ರಶ್ನೆ ಇಷ್ಟು ಬೆತ್ತಲಾಗಿ ಕಾಣುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. 1914ರ ಘಟನೆಗಳನ್ನು ಕಂಡ ಸಂತತಿ ಅಳಿಯುವ ಮುನ್ನ ಅಂತ್ಯ ಬರುವುದು ಎಂದು ದಶಕಗಳ ಕಾಲ ಬೋಧಿಸಲಾಯಿತು. ನಡುವೆ 1925 ಮತ್ತು 1975ರ ಸುತ್ತ ದೊಡ್ಡ ನಿರೀಕ್ಷೆಗಳು ಎದ್ದು ಇಳಿದವು. ಆ ಸಂತತಿ ವಯಸ್ಸಾಗಿ ವಿರಳವಾದಾಗ, 1995ರಲ್ಲಿ ಸಂಸ್ಥೆ ಸಂತತಿಯನ್ನು ವರ್ಷಗಳ ಅಳತೆಗೆ ಕಟ್ಟುವುದನ್ನು ಬಿಟ್ಟಿತು. 2010ರ ಹೊತ್ತಿಗೆ, ಒಂದರ ಮೇಲೊಂದು ಭಾಗಶಃ ಹಾಯುವ ಎರಡು ಗುಂಪುಗಳು ಸೇರಿ ಒಂದೇ ಸಂತತಿ ಎಂಬ ವಿವರಣೆ ಬಂತು. ಯೋಹಾನ 21:23ನ್ನು ಇನ್ನೊಮ್ಮೆ ಓದಲು ಇದು ಸರಿಯಾದ ಜಾಗ.

ಮೂರನೆಯ ಸಾಲು ಇಂದಿನ ವಿಡಿಯೊಗಳಿಗೆ ಅತಿ ಹತ್ತಿರದ್ದು. ಮತ್ತಾಯ 24ರ ಅಂಜೂರದ ಮರ ಇಸ್ರಾಯೇಲ್ ದೇಶವೆಂದೂ, ಅದು ಚಿಗುರಿದ್ದು 1948ರಲ್ಲೆಂದೂ, ಅದನ್ನು ಕಂಡ ಸಂತತಿ ಅಳಿಯುವುದಿಲ್ಲವೆಂದೂ ಇದರ ತರ್ಕ. ಸಂತತಿ ಎಂದರೆ 40 ವರ್ಷ ಎಂದು ಹಿಡಿದಾಗ 1988 ಬಂತು. ಹಿಂದೆ ನಾಸಾದಲ್ಲಿ ಎಂಜಿನಿಯರ್ ಆಗಿದ್ದ ಅಮೆರಿಕನ್ ಒಬ್ಬರು ಆ ವರ್ಷದ ಸೆಪ್ಟೆಂಬರಿನಲ್ಲಿ, ಯೆಹೂದ್ಯರ ಹೊಸವರ್ಷದ ಹಬ್ಬದ ದಿನಗಳಲ್ಲಿ, ಸಭೆ ಎತ್ತಲ್ಪಡುವುದು ಎಂದು ಹೊರತಂದ ಪುಸ್ತಿಕೆ ಅಪಾರ ಸಂಖ್ಯೆಯಲ್ಲಿ ಹಂಚಿಕೆಯಾಯಿತು. ಮರುವರ್ಷ ಅವರು 1989 ಎಂದರು. ಆರಂಭವನ್ನು ಯೆರೂಸಲೇಮ್ ಇಸ್ರಾಯೇಲಿನ ಕೈಸೇರಿದ 1967ಕ್ಕೆ ಸರಿಸಿದರೆ 2007 ಬರುತ್ತದೆ. 1948ಕ್ಕೇ ಮರಳಿ, ಕೀರ್ತನೆ 90:10ರ ಪ್ರಕಾರ ಆಯುಷ್ಕಾಲ ಎಪ್ಪತ್ತು ಎಂದರೆ 2018, ಎಂಬತ್ತು ಎಂದರೆ 2028. ಈ ಕೂಡಿಸುವ ಕೆಲಸವನ್ನು ಹೈಸ್ಕೂಲಿನ ಮಕ್ಕಳಿಗೇ ಬಿಡಿ. ಅವರೇ ಕೂಡಿಸಿ ಕಂಡುಕೊಂಡದ್ದಕ್ಕೆ ಹಿರಿಯರ ಉಪದೇಶಕ್ಕಿಂತ ತೂಕ ಹೆಚ್ಚು.

2011ರ ಮೇ 21 ಎಂದು ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಸಾರಿದ್ದು ಬೇಗ ಮುಗಿಯುವ ಸಾಲು. ಜಲಪ್ರಳಯ ಕ್ರಿ.ಪೂ. 4990ರಲ್ಲಿ, ಅಲ್ಲಿಂದ 7000 ವರ್ಷ. ಸೊನ್ನೆ ವರ್ಷವಿಲ್ಲವೆಂಬುದನ್ನು ಆತ ಮರೆತಿರಲಿಲ್ಲ, ಆದರೂ ಮೇ ಕಳೆದು ಅಕ್ಟೋಬರ್ 21ಕ್ಕೆ ಹೋದ ತಾರೀಖು ಅಲ್ಲೂ ನಿಲ್ಲಲಿಲ್ಲ.

ಕನ್ನಡಿಗರಿಗೆ ಹತ್ತಿರವಾದ ಒಂದು ಸಾಲು

ಕರಾವಳಿಯ ಮತ್ತು ಉತ್ತರ ಕರ್ನಾಟಕದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಹಿನ್ನೆಲೆಯ ಕುಟುಂಬಗಳು ಹಾಳೆಯಲ್ಲಿ ಇನ್ನೊಂದು ಸಾಲನ್ನು ಸೇರಿಸಬೇಕು. ಜರ್ಮನಿಯ ವ್ಯುರ್ಟೆಂಬರ್ಗಿನ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಶೋಧಿಸಿದ ದೊಡ್ಡ ವಿದ್ವಾಂಸ. ಆತನ ಲೆಕ್ಕದಲ್ಲಿ ವಿಚಿತ್ರವಾದದ್ದು ಮೂರನೆಯ ಕಲಂ. ಪ್ರಕಟನೆಯಲ್ಲಿ ದೇವರ ವಿರೋಧಿಯಾಗಿ ಬರುವ ಮೃಗಕ್ಕೆ ಕೊಟ್ಟಿರುವ 42 ತಿಂಗಳುಗಳೂ ಅದರ ಅಂಕೆಯಾದ 666ರಷ್ಟು ವರ್ಷಗಳೂ ಒಂದೇ ಅವಧಿ ಎಂದು ಹಿಡಿದು, ಭಾಗಿಸಿ, ಪ್ರವಾದನೆಯ ಒಂದು ತಿಂಗಳು ಎಂದರೆ ಹದಿನೈದು ವರ್ಷ ಮತ್ತು ಏಳರಲ್ಲಿ ಆರು ಪಾಲು ಎಂಬ ಅಳತೆಯನ್ನು ಹುಟ್ಟಿಸಿದನು. ಇದರಿಂದ ಬಂದ ವರ್ಷ 1836. ಆತನ ಪ್ರಭಾವದಲ್ಲಿ ಬೆಳೆದ ಪಯಟಿಸ್ಟ್ (ವೈಯಕ್ತಿಕ ಭಕ್ತಿಗೆ ಒತ್ತು ಕೊಡುವ ಪ್ರೊಟೆಸ್ಟಂಟ್ ಪಂಥದ) ಕುಟುಂಬಗಳಲ್ಲಿ ಹಲವು, ಬರಲಿರುವ ಸಂಕಟದಿಂದ ಪಾರಾಗಲೆಂದು 1817ರ ಆಸುಪಾಸಿನಲ್ಲಿ ಊರು ಬಿಟ್ಟು ದಕ್ಷಿಣ ರಷ್ಯಾ ಮತ್ತು ಕಾಕಸಸ್ ಕಡೆಗೆ ವಲಸೆ ಹೋದವು. ಅದೇ ಪಯಟಿಸ್ಟ್ ವಲಯವೇ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿಗೆ ಜನವನ್ನೂ ಹಣವನ್ನೂ ಒದಗಿಸಿತು. ಅದರ ಮೊದಲ ಮಿಶನರಿಗಳು ಮಂಗಳೂರು ತಲುಪಿದ್ದು 1834ರಲ್ಲಿ. ಮುಂದೆ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹರ್ಮನ್ ಮ್ಯೋಗ್ಲಿಂಗ್ ವ್ಯುರ್ಟೆಂಬರ್ಗಿನವನು, ಮತ್ತು ಅವನು ಇಲ್ಲಿಗೆ ಬಂದದ್ದು ಬೆಂಗೆಲ್ ಗುರುತಿಸಿದ್ದ 1836ರಲ್ಲೇ. ಒಂದೇ ನಿರೀಕ್ಷೆ ಒಂದು ಗುಂಪನ್ನು ಅಡಗುವ ತಾಣಕ್ಕೆ ಕಳುಹಿಸಿದ್ದರೆ, ಅದೇ ನಿರೀಕ್ಷೆಯ ನಡುವೆ ಬೆಳೆದ ಇನ್ನೊಂದು ಗುಂಪು ಶಾಲೆ, ಅಚ್ಚುಕೂಟ, ನಿಘಂಟು ಎಂದು ದುಡಿಯಲು ಹೊರಟಿತು. ಯುವಜನರ ಕೂಟದಲ್ಲಿ ಈ ಸಾಲಿಗೆ ಹೆಚ್ಚು ಹೊತ್ತು ಕೊಡಿ.

ಬೆಂಗೆಲನ ವಿಷಯದಲ್ಲಿ ಮೆಚ್ಚಬೇಕಾದದ್ದೂ ಇದೆ. 1836 ಗಮನಾರ್ಹ ಬದಲಾವಣೆಯಿಲ್ಲದೆ ಕಳೆದರೆ ತನ್ನ ಪದ್ಧತಿಯ ಮೂಲದಲ್ಲೇ ತಪ್ಪಿದೆಯೆಂದು ತಿಳಿದು ಅದನ್ನು ಹುಡುಕಬೇಕೆಂದು ಆತನೇ ಮುಂಚಿತವಾಗಿ ಬರೆದಿಟ್ಟಿದ್ದನು. ಹೊಸ ಲೆಕ್ಕ ತಂದವರಿಗೆ ಕೇಳಬೇಕಾದ ಪ್ರಶ್ನೆ ಇದೇ: ಏನಾದರೆ, ಅಥವಾ ಏನಾಗದಿದ್ದರೆ, ನೀವು ತಪ್ಪೆಂದು ಒಪ್ಪುತ್ತೀರಿ? ಇದಕ್ಕೆ ಉತ್ತರವಿಲ್ಲದ ಲೆಕ್ಕದ ಮೇಲೆ ಸಂಜೆಯೆಲ್ಲ ವಾದಿಸುವುದು ವ್ಯರ್ಥ.

ಹಿರಿಯರನ್ನು ಕೇಳುವಾಗ

ಮನೆಯ ಹಿರಿಯರ ನೆನಪು ಈ ಅಧ್ಯಯನಕ್ಕೆ ಮುಖ್ಯ ಆಕರ. ನೀವು ಹದಿನೈದರ ವಯಸ್ಸಿನವರಾಗಿದ್ದಾಗ ಬರೋಣ ಯಾವಾಗ ಎಂದು ಎಣಿಸಿದ್ದಿರಿ, ಯಾರ ಬಾಯಿಂದ ಕೇಳಿದ್ದಿರಿ, ಆ ಕಾರಣಕ್ಕೆ ಯಾವ ಕೆಲಸವನ್ನು ಮುಂದಕ್ಕೆ ಹಾಕಿದಿರಿ ಎಂದು ಕೇಳಿ. 1967ರ ಯುದ್ಧ, 1988, ಇಸವಿ 2000 ಎಂಬ ಗುರುತುಗಳನ್ನು ಕೊಟ್ಟರೆ ನೆನಪು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಇಸವಿ 2000ರ ಕಂಪ್ಯೂಟರ್ ದೋಷವನ್ನು ಕೆಲವು ವೇದಿಕೆಗಳಲ್ಲಿ ಅಂತ್ಯದ ಸೂಚನೆ ಎಂದು ಸಾರುತ್ತಿದ್ದಾಗ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಅದನ್ನು ಸರಿಪಡಿಸುವ ಗುತ್ತಿಗೆಗಳಿಂದ ಬೆಳೆಯುತ್ತಿದ್ದವು. ಆ ಎರಡನ್ನೂ ಒಟ್ಟಿಗೆ ಕಂಡ ಮನೆಗಳು ನಮ್ಮಲ್ಲಿ ಇರಲೇಬೇಕು. ಹಿರಿಯರ ಉತ್ತರವನ್ನು ಅವರನ್ನು ಸೋಲಿಸಲು ಬಳಸಬಾರದು, ನಗಬಾರದು, ಮತ್ತು ಅವರು ಹೇಳಲೊಲ್ಲದಿದ್ದರೆ ಒತ್ತಾಯಿಸಬಾರದು.

ಚಿಕ್ಕ ಮಕ್ಕಳ ವಿಷಯ ಬೇರೆ. ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಕಾಣದಿದ್ದರೆ ಎಲ್ಲರೂ ಎತ್ತಲ್ಪಟ್ಟರು, ತಾನೊಬ್ಬನೇ ಉಳಿದೆ ಎಂದು ಬೆದರುವ ಮಕ್ಕಳಿದ್ದಾರೆ, ಹಾಗೆ ಬೆದರಿದ್ದನ್ನು ದೊಡ್ಡವರಾದ ಮೇಲೆ ಹೇಳಿಕೊಳ್ಳುವವರೂ ಬಹಳ. ಬಿಟ್ಟುಹೋಗುವ ದೃಶ್ಯಗಳಿರುವ ವಿಡಿಯೊಗಳನ್ನು ಅವರೆದುರು ಹಾಕಬೇಡಿ, ನಾಲ್ಕು ಕಲಂಗಳ ಕೂಟಕ್ಕೂ ಅವರನ್ನು ಕೂರಿಸಬೇಡಿ.

ಹಣ, ಆಸ್ತಿ, ಓದು

1533ರಲ್ಲಿ ಜರ್ಮನಿಯ ಲೊಖಾವ್ ಎಂಬ ಊರಿನ ಪಾದ್ರಿ ಮೈಕೆಲ್ ಸ್ಟೀಫೆಲ್ ಅಕ್ಟೋಬರ್ 19ರ ಬೆಳಿಗ್ಗೆ ಎಂಟಕ್ಕೆ ಲೋಕಾಂತ್ಯ ಎಂದು ಸಾರಿದಾಗ ರೈತರು ಹೊಲದ ಕೆಲಸ ಬಿಟ್ಟು ಇದ್ದದ್ದನ್ನು ಕರಗಿಸಿದರು. ಸ್ಟೀಫೆಲ್ ಲೆಕ್ಕ ಬಾರದವನೇನಲ್ಲ. ಮುಂದೆ ಆ ಶತಮಾನದ ಶ್ರೇಷ್ಠ ಗಣಿತಜ್ಞರಲ್ಲಿ ಒಬ್ಬನೆನಿಸಿದನು. 1992ರ ಅಕ್ಟೋಬರ್ 28 ಎಂದು ಸಾರಿದ ದಕ್ಷಿಣ ಕೊರಿಯದ ದಾಮಿ ಮಿಶನ್ನಿನ ನಾಯಕ ಲೀ ಜಾಂಗ್-ರಿಮ್ ಬೇರೆ ಬಗೆಯವನು. ಅನುಯಾಯಿಗಳು ಕೆಲಸ ಮನೆ ಬಿಟ್ಟು ಹಣ ತಂದೊಪ್ಪಿಸುತ್ತಿದ್ದಾಗ ಅವನು ಕೊಂಡಿದ್ದ ಬಾಂಡ್‌ಗಳ ಅವಧಿ ಮುಗಿಯುವುದು ಆ ದಿನ ಕಳೆದ ಮೇಲೆ. ವಂಚನೆಗಾಗಿ ಅವನಿಗೆ ಜೈಲಾಯಿತು. ಆದ್ದರಿಂದ ಕಾಣಿಕೆ ಕೇಳುವ ಪ್ರತಿಯೊಂದು ಲೆಕ್ಕದ ಮುಂದೆ, ಸಾರುವವರ ಸ್ವಂತ ಆಸ್ತಿ ಆ ತಾರೀಖಿನಾಚೆಗೆ ಏನಾಗಲಿದೆ ಎಂದು ಸಂಕೋಚವಿಲ್ಲದೆ ಕೇಳಿ.

ಮನೆಯವರೆಲ್ಲ ಕೂಡಿ ಒಂದು ಒಪ್ಪಂದಕ್ಕೆ ಬರುವುದು ಸಾಧ್ಯ: ಬರೋಣವನ್ನು ಯಾರು ಎಷ್ಟೇ ಗಾಢವಾಗಿ ನಂಬಲಿ, ಒಂದು ತಾರೀಖನ್ನು ನಂಬಿ ಹಿಂತಿರುಗಿಸಲಾಗದ ಹೆಜ್ಜೆ ಇಡುವುದಿಲ್ಲ ಎಂದು. ಸೈಟು ಮಾರುವುದು, ಕೆಲಸಕ್ಕೆ ರಾಜೀನಾಮೆ ಕೊಡುವುದು, ಪಿಯುಸಿ ಅರ್ಧಕ್ಕೆ ಬಿಡುವುದು, ಔಷಧ ನಿಲ್ಲಿಸುವುದು ಇವೆಲ್ಲ ಇದರಲ್ಲಿ ಬರಬೇಕು. ದುಡಿಯಲೊಲ್ಲದವರನ್ನು ಕುರಿತು 2 ಥೆಸಲೋನಿಕ 3:10ರಲ್ಲಿ ಪೌಲನು ಕಟುವಾಗಿ ಬರೆದದ್ದು, ಅಂತ್ಯಕಾಲದ ಗಲಿಬಿಲಿಗೆ ಸಿಲುಕಿದ್ದ ಅದೇ ಸಭೆಗೆ ಎಂದು ನೆನಪಿಸಿದರೆ ಗ್ರಂಥದ ಮೇಲೆ ಭಕ್ತಿಯುಳ್ಳವರು ಕಿವಿಗೊಡುತ್ತಾರೆ.

ಮನೆಯಲ್ಲಿ ಒಬ್ಬರು ಆಗಲೇ ತಾರೀಖನ್ನು ನಂಬಿಬಿಟ್ಟಿದ್ದರೆ ವಾದದ ಕಾಲ ಮುಗಿದಿದೆ. ಆ ದಿನದ ಮರುದಿನ ಎಲ್ಲಿ ಊಟ, ಯಾರ ಜೊತೆ ಎಂಬ ವ್ಯವಸ್ಥೆಯನ್ನು ಮೊದಲೇ ಸದ್ದಿಲ್ಲದೆ ಮಾಡಿಟ್ಟುಕೊಳ್ಳಿ, ಮತ್ತು ಅಂದು ಅವರೊಡನೆ ಇರಿ. 1844ರ ಅಕ್ಟೋಬರಿನ ನಂತರ ಮಿಲ್ಲರನ ಹಿಂಬಾಲಕರು ಊರವರ ಪರಿಹಾಸವನ್ನು ಸಹಿಸಬೇಕಾಯಿತು. ಹೊರಗೆಲ್ಲ ನಗೆ ಕಾದಿರುವಾಗ ಲೆಕ್ಕ ತಪ್ಪಿತೆಂದು ಒಪ್ಪುವುದಕ್ಕಿಂತ ಹೊಸ ಲೆಕ್ಕ ಹಾಕುವುದು ಯಾರಿಗೂ ಸುಲಭ. 2012ರಲ್ಲಿ ಕ್ಯಾಂಪಿಂಗ್ ತನ್ನ ತಾರೀಖು ತಪ್ಪೆಂದು ಬಹಿರಂಗವಾಗಿ ಬರೆದು ಒಪ್ಪಿಕೊಂಡದ್ದನ್ನು ಅವರಿಗೆ ತೋರಿಸಬಹುದು, ಆದರೆ ಕೆಲವು ವಾರ ಕಳೆದ ಮೇಲೆ.

ಕೊನೆಯ ಕೆಲಸ ಹಾಳೆಯ ಕೆಳಗಿನ ಸಾಲನ್ನು ತುಂಬುವುದು. ಯಾವ ಸಂದೇಶ, ಯಾರಿಂದ ಬಂತು, ಯಾವ ದಿನ ಬಂತು, ಅದರ ನಾಲ್ಕು ಕಲಂಗಳು ಏನು, ಮೇಲಿನ ಯಾವ ಸಾಲಿನ ಯಾವ ಕಲಂ ಬದಲಿಸಿ ಅದು ಹುಟ್ಟಿದೆ ಎಂದು ಬರೆದು, ಕೂಟದಲ್ಲಿದ್ದವರೆಲ್ಲ ಸಹಿ ಹಾಕಿ. ಜನನ, ದೀಕ್ಷಾಸ್ನಾನ, ಮದುವೆಗಳನ್ನು ಗುರುತು ಹಾಕುವ ಮನೆಯ ದೊಡ್ಡ ಸತ್ಯವೇದದೊಳಗೆ ಅದನ್ನು ಇಡಿ. ಬಂದ ಸಂದೇಶ 2028ರದ್ದಾದರೆ ಮೊದಲ ಮೂರು ಕಲಂಗಳು ಇಲ್ಲೇ ಸಿದ್ಧವಾಗಿವೆ: 1948, ಎಂಬತ್ತು, ವರ್ಷ. ನಾಲ್ಕನೆಯದನ್ನು ಸಂದೇಶ ಕಳಿಸಿದವರ ಮಾತಿನಲ್ಲೇ, ಅವರಿಗೇ ಫೋನ್ ಮಾಡಿ ಕೇಳಿ ತುಂಬಿ.